ಶನಿವಾರದ ಅಂಗಿ

ನಿವೃತ್ತನಾದ ಮನುಷ್ಯನಿಗೆ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಒಂದೇ: ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುವುದಾದರೂ ಎಲ್ಲಿಗೆ? ನನ್ನ ಬಳಿ ಅಂಥವು ಆರಿದ್ದವು. ತುಂಬುತೋಳಿನ ಬಿಳಿ ಅಂಗಿಗಳು, ಸೋಮವಾರದಿಂದ ಶನಿವಾರದ ತನಕ ದಿನಕ್ಕೊಂದರಂತೆ. ಕಲಬುರಗಿಯಿಂದ ಕಮಲಾಪುರದವರೆಗಿನ ರಸ್ತೆ ಕೆಲಸದ ಮೇಲ್ವಿಚಾರಕನಾಗಿ ಮೂವತ್ತು ವರ್ಷ ಅಂಥ ಅಂಗಿಗಳೊಳಗೇ ಬೆವರಿದ್ದೇನೆ. ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಏಳಕ್ಕೆ ಬಸ್ಸು. ಈಗಲೂ ಐದಕ್ಕೆ ಏಳುತ್ತೇನೆ, ಆರಕ್ಕೆ ಸ್ನಾನವಾಗುತ್ತದೆ. ಏಳಕ್ಕೆ ಮಾತ್ರ ಏನೂ ಬರುವುದಿಲ್ಲ. ಬಿಸಿಲಿಗೆ ಹೋಗಕೂಡದೆಂದು ಡಾಕ್ಟರು ಹೇಳಿದ ಮೇಲೆ, ಹತ್ತು ಗಂಟೆಗೆ ನನ್ನ ಹೆಂಡತಿ ಸುಮಿತ್ರಾ ಹೊರಬಾಗಿಲ ಚಿಲಕ ಹಾಕುತ್ತಾಳೆ. ನಾನು ಬನಿಯನ್ನಿನಲ್ಲಿ ಕಿಟಕಿಯ ಬಳಿ ಕೂರುತ್ತೇನೆ. ಆದರೂ ರವಿವಾರ ಆರೂ ಅಂಗಿಗೆ ಇಸ್ತ್ರಿ ಆಗಲೇಬೇಕು. ಯಾರಾದರೂ ಕೆಲಸಕ್ಕೆ ಕರೆದುಬಿಟ್ಟರೆ?

ಈ ಬೇಸಿಗೆಯಲ್ಲಿ ಕಲಬುರಗಿಯ ಅಂಚಿನ ಕೋಟನೂರಿನ ನಮ್ಮ ಮನೆಯೆದುರು ಹೊಸ ಮನೆ ಏಳುತ್ತಿತ್ತು. ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಶರಣಮ್ಮ ಎಂಬ ಹೆಣ್ಣಾಳು ಬರುತ್ತಿದ್ದಳು. ತಲೆಗೆ ಟವೆಲ್ಲು, ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ. ನಮ್ಮ ಕಡೆ ಕಟ್ಟಡದ ಹೆಣ್ಣುಮಕ್ಕಳು ಬಿಸಿಲಿಗೆ ಮಾಡಿಕೊಂಡ ಏರ್ಪಾಡು ಇಷ್ಟೇ. ಆಕೆಯ ಅಂಗಿಯ ಒಂದು ತೋಳು ಹರಿದು ಜೋತಾಡುತ್ತಿತ್ತು, ಬಿಸಿಲು ಬಿದ್ದ ಜಾಗದಲ್ಲಿ ಚರ್ಮ ಸಿಪ್ಪೆ ಏಳುತ್ತಿತ್ತು. ನಾಚಿಕೆಯಿಂದ ಹೇಳುತ್ತೇನೆ, ನನಗೆ ಮೊದಲು ಕಂಡದ್ದು ಅದಲ್ಲ. ಹೊಸ ಸ್ಲ್ಯಾಬಿಗೆ ಹೊದಿಸಿದ ಗೋಣಿಚೀಲ ಒಣಗಿದ್ದು ಕಂಡಿತು.

"ನೀರು ಹೊಡೀರಿ, ಸ್ಲ್ಯಾಬು ಬಿರೀತದ!" ಎಂದು ಕಿಟಕಿಯಿಂದಲೇ ಕೂಗಿದೆ.

"ಸ್ಲ್ಯಾಬಿನ ಕಾಳಜಿ ಭಾಳ ಅದ ನಿಮಗ. ನಾ ಬಿರದ್ರ ಯಾರು ನೀರು ಹೊಡೀತಾರ್ರಿ ಅಜ್ಜಾರ?" ಎಂದಳು ಶರಣಮ್ಮ.

ಮೂವತ್ತು ವರ್ಷ ಸಾಹೇಬನಾಗಿದ್ದವನು ಒಂದೇ ಮಾತಿಗೆ ಅಜ್ಜನಾದೆ. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಆಕೆಯ ಪ್ರಶ್ನೆ. ಸಿಮೆಂಟಿಗೆ ತಾಡಪತ್ರಿ ಹೊದಿಸಿದ್ದೇನೆ, ಸ್ಲ್ಯಾಬಿಗೆ ಒದ್ದೆ ಗೋಣಿ ಹಾಸಿಸಿದ್ದೇನೆ. ಆಳುಗಳ ಮೈಮೇಲೆ ಏನಿದೆಯೆಂದು ನೋಡಿದ ನೆನಪಿಲ್ಲ. ಆಗೆಲ್ಲ ನನ್ನ ಕೈಯಲ್ಲಿ ಕೊಡೆ ಇರುತ್ತಿತ್ತು.

ಮರುದಿನ ಸೋಮವಾರದ ಅಂಗಿ ಕೊಟ್ಟೆ. ಸುಮ್ಮನೆ ಕೊಡುವವನಲ್ಲ ನಾನು. ತೋಳು ಮಡಚಕೂಡದು, ಕೊರಳ ಗುಂಡಿ ಹಾಕಲೇಬೇಕು ಎಂದು ನಿಯಮ ಹೇಳಿದೆ.

"ಸೂರ್ಯಗ ಹಾಜರಿನೂ ಕೊಡಬೇಕೇನ್ರಿ?" ಎಂದು ನಕ್ಕಳು.

ಆಕೆ ಅದನ್ನು ತೊಟ್ಟು ಏಣಿ ಹತ್ತಿದಾಗ ಗೋಡೆ ಕಟ್ಟುವ ಗೌಂಡಿ ಮಹಬೂಬ, "ಸಾಹೇಬ್ರು ಬಂದಾರ, ನೆಟ್ಟಗ ನಿಂದರ್ರಪಾ!" ಎಂದು ಕೂಗಿದ. ವಾರದೊಳಗೆ ಇನ್ನೂ ನಾಲ್ಕು ಅಂಗಿಗಳು ಉಳಿದ ಹೆಣ್ಣಾಳುಗಳ ಪಾಲಾದವು. ಕಿಟಕಿಯಿಂದ ನೋಡಿದರೆ ನನ್ನ ಮಂಗಳವಾರ ಬುಟ್ಟಿ ಹೊರುತ್ತಿದೆ, ಗುರುವಾರ ಇಟ್ಟಿಗೆ ಎಸೆಯುತ್ತಿದೆ. ಒಂದು ಗಂಟೆಗೆ ಬೇವಿನ ಗಿಡದ ಕೆಳಗೆ ಐದೂ ಅಂಗಿ ಸಾಲಾಗಿ ಕೂತು ಜೋಳದ ರೊಟ್ಟಿ ಮುರಿಯುವಾಗ ನಾನು ಕಿಟಕಿಯ ಸರಳಿಗೆ ಹಣೆ ಹಚ್ಚಿ ಕೂರುತ್ತಿದ್ದೆ. ಕಮಲಾಪುರದ ರಸ್ತೆಯ ಬದಿಗೆ ನಾನೂ ಹೀಗೆಯೇ ಬುತ್ತಿ ಬಿಚ್ಚುತ್ತಿದ್ದೆ. ಬೆವತ ಬೆನ್ನಿಗೆ ಗಾಳಿ ತಾಗಿದಾಗಿನ ಆ ತಂಪು ಫ್ಯಾನಿನ ಕೆಳಗೆ ಒಂದು ದಿನವೂ ಸಿಕ್ಕಿಲ್ಲ. ಅಂಗಿಗಳಿಗೆ ಮತ್ತೆ ಕೆಲಸ ಸಿಕ್ಕಿತ್ತು, ನನಗೆ ಸಿಕ್ಕಿರಲಿಲ್ಲ.

ಶನಿವಾರದ್ದನ್ನು ಬಚ್ಚಿಟ್ಟಿದ್ದೆ. ನೌಕರಿಯ ಕೊನೆಯ ದಿನ ತೊಟ್ಟದ್ದು ಅದು. ಒಂದು ಬೆಳಗ್ಗೆ ಶರಣಮ್ಮ ತನ್ನ ನೆಗೆಣ್ಣಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ಕರೆತಂದಳು. ಗಿಡ್ಡ ತೋಳಿನ ಕುಪ್ಪಸ, ಅಷ್ಟೇ.

"ಇನ್ನೊಂದು ಅದೇನ್ರಿ ಅಜ್ಜಾರ?"

"ಮುಗದಾವ," ಎಂದೆ.

ಒಳಗಿನಿಂದ ಸುಮಿತ್ರಾ, "ಯಾಕ್ರಿ, ಶುಕ್ರವಾರ ಆದಮ್ಯಾಲ ಸೀದಾ ರವಿವಾರನ ಬಂತೇನು?" ಎಂದಳು.

ಹನ್ನೊಂದರವರೆಗೆ ತಡೆದೆ. ಆ ಹೆಣ್ಣುಮಗಳ ಬರಿಗೈಯನ್ನು ಇನ್ನು ನೋಡಲಾಗಲಿಲ್ಲ. ಶನಿವಾರದ ಅಂಗಿ ತೊಟ್ಟು, ಕೊರಳ ಗುಂಡಿ ಹಾಕಿ, ನಾನೇ ಚಿಲಕ ತೆಗೆದೆ. ರಸ್ತೆ ದಾಟುವಷ್ಟು ಹೊತ್ತು ಸಾಹೇಬನಾಗಿದ್ದೆ. ಆಚೆ ದಡದಲ್ಲಿ ಅದನ್ನು ಬಿಚ್ಚಿ ಆಕೆಯ ಕೈಗಿತ್ತೆ. ಬನಿಯನ್ನಿನಲ್ಲಿ ಬೀದಿಗಿಳಿದವನಲ್ಲ ನಾನು, ತಕ್ಷಣ ಮನೆ ಸೇರಬೇಕಿತ್ತು. ಆದರೆ ಮೇಲಿನ ಗೋಡೆ ಅರ್ಧ ಇಂಚು ವಾಲಿತ್ತು. ಅದನ್ನು ಕಂಡೂ ಹೇಗೆ ಹೋಗಲಿ? ಮಹಬೂಬನ ಕೈಯಿಂದ ತೂಗುಗುಂಡಿನ ದಾರ ತೆಗೆದುಕೊಂಡೆ. ಒಂದು ಗಂಟೆಯಾದದ್ದು ರೊಟ್ಟಿಗೆ ಕರೆದಾಗಲೇ ತಿಳಿದದ್ದು. ಬೇವಿನ ಗಿಡದ ಕೆಳಗೆ ನಾನೂ ಕೂತೆ. ಗಾಳಿ ಬಂತು.

ಸಂಜೆಗೆ ಎರಡೂ ಭುಜ ಕೆಂಪಾಗಿ ಉರಿಯತೊಡಗಿದವು. ಸುಮಿತ್ರಾ ಒದ್ದೆ ಟವೆಲ್ಲು ಹೊದಿಸಿ, "ಅಲ್ಲಾಡಬ್ಯಾಡ್ರಿ," ಎಂದು ಕಿಟಕಿಯ ಬಳಿ ಕೂರಿಸಿದಳು. ಮರುದಿನ ಮಧ್ಯಾಹ್ನ ಎದುರಿನ ಸ್ಲ್ಯಾಬಿನಿಂದ ಕೂಗು ಬಂತು:

"ಅಮ್ಮಾರ, ಟವೆಲ್ಲು ಒಣಗ್ಯಾದ ನೋಡ್ರಿ! ನೀರು ಹೊಡೀರಿ, ಅಜ್ಜಾರು ಬಿರೀತಾರ!"

ಕೂಗಿದ್ದು ನನ್ನ ಸೋಮವಾರದ ಅಂಗಿ. ಕೊರಳ ಗುಂಡಿ ಹಾಕಿರಲಿಲ್ಲ.