ಊರವರಿಗೆ ಸೂಜಿ ಇಲ್ಲ

ಗುಪ್ತರೋಗಕ್ಕೆ ಚಿಕಿತ್ಸೆ ಎಲ್ಲೇ ಪಡೆಯಲಿ, ಖರ್ಚು ರೋಗಿ ವಾಸವಿರುವ ಊರಿನ ಪಾಲಿಕೆಯದು ಎಂದು ಠಾಣೆ ಊರಿನ ಈಚೆ ಪಾಲಿಕೆಯೂ ಆಚೆ ಪಾಲಿಕೆಯೂ ಒಪ್ಪಂದ ಮಾಡಿಕೊಂಡಿವೆ. ರೋಗಿಯ ಹೆಸರು ಯಾರಿಗೂ ತಿಳಿಯಕೂಡದು. ಆತ ತನ್ನ ನಿವಾಸಿಯೇ ಎಂದು ಖಾತ್ರಿಯಾಗದೆ ಯಾವ ಪಾಲಿಕೆಯೂ ದುಡ್ಡು ಬಿಚ್ಚಕೂಡದು. ಎರಡೂ ನಿಯಮಗಳನ್ನು ಒಂದೇ ಚಹಾದ ಮೇಲೆ ಅಂಗೀಕರಿಸಲಾಯಿತು. ಆ ಸಭೆಯಲ್ಲಿ ನಾನಿದ್ದೆ. ಇರಲಿಲ್ಲ ಅನ್ನುವವರು ಚಹಾ ಹೇಗಿತ್ತು ಹೇಳಲಿ, ನೋಡೋಣ.

ನಮ್ಮ ಶಹಾಡಿನ ಚಾಳೊಂದರ ಯಂಕಣ್ಣ ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಹಮಾಲ. ಚಾಳಿನ ಬೆನ್ನಿಗೇ ಈಚೆ ಪಾಲಿಕೆಯ ದವಾಖಾನೆ. ಗುರುತಿನವರು ಕಂಡಾರೆಂದು ಅವನು ಠಾಣೆ ಜಂಕ್ಷನ್ನಿನಲ್ಲಿ ರೈಲುಗಾಡಿ ಬದಲಿಸಿ, ಆಚೆ ಪಾಲಿಕೆಯ ಘಣಸೋಲಿಗೆ ಹೋಗಿ ಸೂಜಿ ಹಾಕಿಸಿಕೊಂಡ. ಹೆಂಡತಿ ಶರಣಬಸಮ್ಮ ಬಸುರಿ. ಕೂಸಿಗೆ ತಗಲುವ ಮುಂಚೆ ಆಕೆಗೂ ಸೂಜಿ ಬೇಕೇ ಬೇಕೆಂದರು ಡಾಕ್ಟರು. ಮೊದಲು ನಿವಾಸ ಖಾತ್ರಿಯಾಗಲಿ ಎಂದಿತು ಅಲ್ಲಿನ ಕಚೇರಿ. ನಿಯಮದಂತೆ ಹೆಸರು ಬಿಟ್ಟು, ಗುರುತು ಮಾತ್ರ ಈಚೆ ಪಾಲಿಕೆಗೆ ಕಳಿಸಿತು.

ಖಾತ್ರಿಗೆ ಈಚೆ ಪಾಲಿಕೆಯ ಇನ್ಸ್‌ಪೆಕ್ಟರ್ ಪ್ರೇಮನಾಥ ಬಂದರು. ಉಡುಪಿ ಕಡೆಯವರು, ಶಿಸ್ತಿನ ಮನುಷ್ಯ. ನಳಕ್ಕೆ ನೀರು ಬರುವ ಹೊತ್ತು ನೋಡಿ ಚಾಳಿನವರನ್ನೆಲ್ಲ ಸೇರಿಸಿದರು.

"ಹೆಸರು ಹೇಳ್ಲಿಕ್ಕಿಲ್ಲ ಮಾರಾಯ್ರೆ, ಗುಟ್ಟಿನ ವಿಷಯ. ಕಬ್ಬಿಣ ಹೊರುವ ಜನ. ಎಡಕಿವಿ ಹರಿದಿದೆ. ಹೆಂಡತಿ ಬಸುರಿ. ಇಂಥವರು ಇಲ್ಲಿ ವಾಸ ಉಂಟಾ?"

ಎಲ್ಲರೂ ಯಂಕಣ್ಣನ ಕಿವಿ ನೋಡಿದರು. ಯಂಕಣ್ಣ ಕೊಡ ನೋಡಿದ.

"ಅದಾನ್ರಿ," ಎಂದಳು ಎದುರು ಮನೆಯ ದಾನಮ್ಮ. "ಏನಾಗ್ಯದ ಅವಗ?"

"ಅದನ್ನೂ ಹೇಳ್ಲಿಕ್ಕಿಲ್ಲ. ಗುಪ್ತರೋಗ, ಅಷ್ಟೇ."

ಶರಣಬಸಮ್ಮ ಗಂಡನ ಕಡೆ ತಿರುಗಿ, "ನಿಂದು ಆಮ್ಯಾಲ ನೋಡ್ತೀನಿ," ಎಂದಳು. ಆಮೇಲೆ ಪ್ರೇಮನಾಥರಿಗೆ, "ಸಾಹೇಬ್ರ, ದವಾಖಾನಿ ಇಲ್ಲೇ ಹಿಂದ ಅದ. ನಂಗ ಇವತ್ತೇ ಹಾಕಸ್ರಿ."

"ಆಗುದಿಲ್ಲಮ್ಮ. ಊರವರಿಗೇ ಹಾಕಿದ್ರೆ ಬಿಲ್ಲು ಯಾರಿಗೆ ಕಳಿಸುದು? ಇಲ್ಲಿಯ ಸೂಜಿ ಘಣಸೋಲಿಯವರಿಗೆ ಮೀಸಲು."

"ಅವರಿಗಿ ಅವರ ಊರಾಗ ದವಾಖಾನಿ ಇಲ್ಲೇನ್ರಿ?"

"ಉಂಟು. ಅಲ್ಲಿ ಗುರುತಿನವರು ಇರ್ತಾರಲ್ಲ, ನಾಚಿಕೆ."

ಮಾತು ನಿಜ. ದವಾಖಾನೆಯ ಬಾಗಿಲಲ್ಲೇ ಪ್ರಕಟಣೆ ಇದೆ: "ಸ್ಥಳೀಯ ನಿವಾಸಿಗಳು ಇಲ್ಲಿ ಗುಪ್ತರೋಗವನ್ನು ಹೇಳಿಕೊಳ್ಳತಕ್ಕದ್ದಲ್ಲ. ಉಲ್ಲಂಘಿಸಿದವರನ್ನು ಆರೋಗ್ಯವಂತರೆಂದು ಪರಿಗಣಿಸಲಾಗುವುದು."

ಚಾಳಿನ ಹಿರಿಯರು ಪಂಚನಾಮೆಗೆ ಸಹಿ ಹಾಕಿದರು. ನಾನೂ ಹಾಕಿದೆ, ನಾನು ಪಕ್ಕದ ಚಾಳಿನವನಾದರೂ. ಅಷ್ಟರಲ್ಲಿ ದಾನಮ್ಮ, "ನಮ್ಮ ಮನ್ಯಾನವರದೂ ಈಗೇ ಬರಕೋರಿ. ಮತ್ತ ಬರೂ ತ್ರಾಸ ಯಾಕ?" ಎಂದಳು. ಆಕೆಯ ಗಂಡ ಬಕೆಟ್ ಅಲ್ಲೇ ಬಿಟ್ಟು ಹೊರಟುಹೋದ. ಉಳಿದ ಹೆಂಗಸರೂ ಬರೆಸಲು ಸಾಲು ಹಚ್ಚಿದರು.

ಮರುದಿನ ಅರ್ಧ ಚಾಳು ಘಣಸೋಲಿಗೆಂದು ಗಾಡಿ ಹತ್ತಿತು. ಠಾಣೆಯ ಬ್ರಿಜ್ ಮೇಲೆ, ನಮ್ಮ ದವಾಖಾನೆಗೆ ಹೊರಟ ಘಣಸೋಲಿಯವರು ಎದುರಾದರು. ರಾಮರಾಮ ಆಯಿತು.

"ಅಂಜಬ್ಯಾಡ್ರಿ, ನಮ್ಮ ಡಾಕ್ಟರ ಕೈ ಹಗುರ ಅದ," ಎಂದ ಯಂಕಣ್ಣ.

"ನೀವು ಹಾಕಿಸ್ಕೊಂಡೀರೇನು?"

"ಇಲ್ರಿ. ನಮಗ ಒಳಗ ಬಿಡಂಗಿಲ್ಲ."

ಶರಣಬಸಮ್ಮನಿಗೆ ಅವತ್ತು ಸೂಜಿ ಸಿಕ್ಕಿತು.

ಈಚೆ ಪಾಲಿಕೆಯ ದವಾಖಾನೆಯಲ್ಲಿ ವರ್ಷವಿಡೀ ಒಬ್ಬನೇ ಒಬ್ಬ ಸ್ಥಳೀಯ ಗುಪ್ತರೋಗಿಯೂ ಕಂಡುಬರಲಿಲ್ಲ. ಹಾಗಾಗಿ ಊರನ್ನು ಗುಪ್ತರೋಗಮುಕ್ತವೆಂದು ಘೋಷಿಸಿ, ದವಾಖಾನೆಯ ಮೆಟ್ಟಿಲನ್ನೇ ಹತ್ತದ ಆದರ್ಶ ದಂಪತಿಯನ್ನು ಸನ್ಮಾನಿಸಲಾಯಿತು. ಯಂಕಣ್ಣ ದಂಪತಿಯ ಆಯ್ಕೆಗೆ ತಕರಾರೇ ಬರಲಿಲ್ಲ. ಅವರ ನಿವಾಸ ಮೊದಲೇ ಖಾತ್ರಿಯಾಗಿತ್ತಲ್ಲ. ಪ್ರೇಮನಾಥರೇ ಶಾಲು ಹೊದಿಸಿದರು. ಇಡೀ ಚಾಳು ಚಪ್ಪಾಳೆ ತಟ್ಟಿತು.

ಶರಣಬಸಮ್ಮ ಶಾಲನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಕೂಸಿಗಿ ಹೊಚ್ಚಲಾಕ ಆತದ," ಎಂದು ಮಡಚಿಟ್ಟಳು.