ಗೊರಕೆ ಬಳಗದಲ್ಲಿ ಮೇಷ್ಟ್ರ ಕ್ಷೇತ್ರಕಾರ್ಯ

ಸಮಾಜಶಾಸ್ತ್ರದ ಮೇಷ್ಟ್ರಿಗೆ ಡಾಕ್ಟರೇಟ್ ಇಲ್ಲವೆಂಬ ಕೊರಗು. ಕಾಲೇಜಿನ ಕಿರಿಯರೆಲ್ಲ ಹೆಸರಿಗೆ 'ಡಾ.' ಅಂಟಿಸಿಕೊಂಡು ಓಡಾಡುವುದನ್ನು ಕಂಡು ಹೊಟ್ಟೆ ಉರಿದು, ಅವರೂ ಮಹಾಸಂಶೋಧನೆಗೆ ಇಳಿದರು. ಕ್ಷೇತ್ರ, ಮೊಬೈಲಿನೊಳಗಿನ 'ನಿದ್ದೆಗೆಟ್ಟವರ ಬಳಗ'. ಹೆಂಗಸರು ತಂತಮ್ಮ ಗಂಡಂದಿರ ಗೊರಕೆಯನ್ನು ರೆಕಾರ್ಡ್ ಮಾಡಿ ಹಾಕಿ, ಪರಸ್ಪರ ಸಮಾಧಾನ ಹೇಳಿಕೊಳ್ಳುವ ಜಾಗ. ಗಂಡಸರಿಗೆ ಪ್ರವೇಶವಿಲ್ಲ. ಆದರೆ ಸಂಶೋಧಕನಾದವನು ಜನರ ನಡುವೆ ಅವರಂತೆಯೇ ಬದುಕಬೇಕಲ್ಲ? ಮೇಷ್ಟ್ರು 'ನೊಂದ ಗೃಹಿಣಿ' ಎಂಬ ಹೆಸರಿನಲ್ಲಿ ಒಳಹೊಕ್ಕು, ಇಲ್ಲದ ಗಂಡನನ್ನು ಬಾಯಿತುಂಬ ಬೈದು ಎಲ್ಲರ ಕಣ್ಮಣಿಯಾದರು. (ಮೀಸೆ ಬೋಳಿಸುವ ಅಗತ್ಯ ಬೀಳಲಿಲ್ಲ.)

ಅವರ ಮನಸ್ಸು ಗೆದ್ದದ್ದು 'ಹತ್ತಿಕಿವಿ' ಎಂಬಾಕೆ ಹಾಕಿದ ಗೊರಕೆ. ಮೊದಲು ಬಕೆಟ್ ಎಳೆದ ಸದ್ದು, ನಡುವೆ ಗಾಬರಿ ಹುಟ್ಟಿಸುವ ಮೌನ, ಕೊನೆಗೊಂದು ಸೀಟಿ. ಕೆಳಗೆ, 'ಇಷ್ಟಾದ್ರೂ ಒಪ್ಪಿಕೊಳ್ಳೋದೇ ಇಲ್ಲ' ಎಂಬ ದೂರು. ಮೇಷ್ಟ್ರು ಅದನ್ನು ಮನೆ ತುಂಬ ಕೇಳುವಂತೆ ಹಾಕಿದರು.

"ಪಾಪ ಕಣೇ, ಇಂಥ ಪ್ರಾಣಿ ಜೊತೆ ಹೇಗೆ ಸಂಸಾರ ಮಾಡ್ತಾಳೋ."

"ಅಭ್ಯಾಸ ಆಗಿರುತ್ತೆ ಬಿಡಿ," ಎಂದಳು ಹೆಂಡತಿ, ಪಾತ್ರೆ ಉಜ್ಜುತ್ತಲೇ. "ನೀವೂ ಹೊಡೀತೀರಲ್ಲ."

"ನಾನಾ? ನಾನು ಸ್ವಲ್ಪ ಜೋರಾಗಿ ಉಸಿರಾಡ್ತೀನಿ, ಅಷ್ಟೇ."

ಪ್ರಬಂಧದ ನಾಲ್ಕನೆಯ ಅಧ್ಯಾಯ ಪೂರ್ತಿ ಆ ಗಂಡನಿಗೇ ಮೀಸಲಾಯಿತು. 'ಗೊರಕೆ ಹೊಡೆದೂ ಒಪ್ಪಿಕೊಳ್ಳದ ಈ ಬಗೆಯ ಗಂಡಸು ಬುದ್ಧಿ ಬಲಿಯದ ಅಹಂಕಾರಿ' ಎಂದು ಬರೆದು ಮೇಷ್ಟ್ರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಮಾರ್ಗದರ್ಶಕರಿಗೂ ಅದು ಹಿಡಿಸಿತು. ಆದರೆ ಒಪ್ಪಿಗೆ ಪತ್ರವೊಂದನ್ನು ಕೈಗಿತ್ತು, "ಗೊರಕೆ ಯಾರದೋ ಅವರ ಸಹಿ ಬೇಕ್ರೀ. ಅದಿಲ್ದೆ ಪ್ರಬಂಧ ಮುಂದಕ್ಕೆ ಹೋಗಲ್ಲ," ಎಂದರು.

ಸಂಜೆ ಮೇಷ್ಟ್ರು ಹಾಲ್‌ನಲ್ಲಿ ಕೂತು, ತಾವು ಗೃಹಿಣಿಯಲ್ಲ, ಸಂಶೋಧಕ ಎಂದು ಹತ್ತಿಕಿವಿಗೆ ನಿಜ ಹೇಳಿದರು. ನಾಲ್ಕನೆಯ ಅಧ್ಯಾಯವನ್ನೂ ಲಗತ್ತಿಸಿ, 'ನಿಮ್ಮ ಯಜಮಾನರ ಸಹಿ ಕೊಡಿಸಿ ಪುಣ್ಯ ಕಟ್ಟಿಕೊಳ್ಳಿ ತಾಯಿ' ಎಂದು ಬರೆದು ಕಳಿಸಿದರು. ಅಡುಗೆಮನೆಯಲ್ಲಿ ಹೆಂಡತಿಯ ಫೋನು ಟಿಂಗ್ ಎಂದಿತು.

ಒಂದಷ್ಟು ಹೊತ್ತಿನ ನಂತರ ಉತ್ತರ ಬಂತು. 'ಓದಿದೆ. ಅವರನ್ನ ಚೆನ್ನಾಗಿ ಅರ್ಥ ಮಾಡ್ಕೊಂಡಿದ್ದೀರಿ. ಸಹಿ ಈಗಲೇ ಕೊಡಿಸ್ತೀನಿ.' ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು.

ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಪೆನ್ನು ಮುಂದೆ ಹಿಡಿದಳು. "ಹಾಕಿ."

ಅವಳ ಇನ್ನೊಂದು ಕೈಯಲ್ಲಿದ್ದ ಫೋನಿನಲ್ಲಿ ನಾಲ್ಕನೆಯ ಅಧ್ಯಾಯ ಹೊಳೆಯುತ್ತಿತ್ತು. ಮೇಷ್ಟ್ರು ಮುಂದಿದ್ದ ಒಪ್ಪಿಗೆ ಪತ್ರವನ್ನು ಮೆಲ್ಲಗೆ ಅಂಗೈಯಿಂದ ಮುಚ್ಚಿದರು.

"ಅದರಲ್ಲಿ ಒಂದೆರಡು ಮಾತು ತಿದ್ದಬೇಕಿತ್ತು ಕಣೇ."

"ಒಂದಕ್ಷರ ತಿದ್ದಿದ್ರೂ ಬಳಗಕ್ಕೆಲ್ಲ ನಿಮ್ಮ ಮೀಸೆ ತೋರಿಸ್ತೀನಿ, ನೊಂದ ಗೃಹಿಣಿಯವರೇ."

'ಈ ಗೊರಕೆ ನನ್ನದೇ' ಎಂಬ ಸಾಲಿನ ಕೆಳಗೆ ಮೇಷ್ಟ್ರು ತೆಪ್ಪಗೆ ಸಹಿ ಹಾಕಿದರು.