ಒಲೆಯ ಮೂಗು

ನನಗಾಗ ಅರವತ್ತೇಳು. ಈಗ ಅದಕ್ಕೆ ಐದು ವರ್ಷವಾಯಿತು. ಅರವತ್ತೇಳು ಎಂಬುದು ಮನೆಯ ಲೆಕ್ಕ. ಆಧಾರ್ ಕಾರ್ಡಿನಲ್ಲಿ ನನ್ನನ್ನು ಗಂಡನಿಗಿಂತ ಎರಡು ವರ್ಷ ದೊಡ್ಡವಳನ್ನಾಗಿ ಮಾಡಿಟ್ಟಿದ್ದಾರೆ. ಅದಕ್ಕೆ ನನ್ನ ತಕರಾರಿಲ್ಲ. ಮನೆಯಲ್ಲಿ ನಡೆಯುತ್ತಿದ್ದುದನ್ನೇ ಬರೆದಿದ್ದಾರೆ. ಆ ವಯಸ್ಸಿನಲ್ಲಿ ನನಗೆ ಒಲೆ ಹೊತ್ತಿಸುವುದು ಹೇಗೆ ಎಂದು ಒಬ್ಬ ಗಂಡಸು ಪಾಠ ಹೇಳಿದ. ಐವತ್ತು ವರ್ಷ ಒಲೆಯ ಮುಂದೆ ಕೂತವಳಿಗೆ ಪಾಠ! ಆ ಪಾಠ ಕೇಳದೆ ನಾನು ಏನು ಮಾಡಿದೆ ಎಂಬುದನ್ನು ಊರಿನವರು ಬಣ್ಣ ಕಟ್ಟಿ ಹೇಳುತ್ತಾರೆ. ಅವರು ಹೇಳುವುದಕ್ಕಿಂತ ನಾನೇ ಬರೆಯುವುದು ಮೇಲು. ನಾನು ಅಕ್ಷರ ಕೂಡಿಸಿ ಕೂಡಿಸಿ ಬರೆಯುವವಳು. ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಶಹಾಪುರ ಮುಟ್ಟಿರುತ್ತದೆ. ಹಾಗಾಗಿ ಓದುವವರೂ ಸ್ವಲ್ಪ ನಿಧಾನವಾಗಿ ಓದಿದರೆ ಇಬ್ಬರಿಗೂ ಸರಿಹೋಗುತ್ತದೆ.

ನನ್ನ ಹೆಸರು ಸಾಬಮ್ಮ, ಊರು ವನದುರ್ಗ. ಮನೆಯಲ್ಲಿ ಕುರಿ ಇವೆ, ಮಳೆ ನಂಬಿದ ಹೊಲವಿದೆ, ಗಂಡನಿದ್ದಾನೆ, ಮಗ ಮಲ್ಲಪ್ಪ ಇದ್ದಾನೆ, ಸೊಸೆ ದೇವಕೆಮ್ಮ ಇದ್ದಾಳೆ. ಇವರಲ್ಲಿ ಹೇಳಿದ ಮಾತು ಕೇಳುವವು ಕುರಿಗಳು ಮಾತ್ರ. ಕುರಿ ಹಿಂದೆ ಹೋಗುವವರಿಗೆ ಬೆಳಿಗ್ಗೆಯೇ ಜೋಳದ ರೊಟ್ಟಿಯ ಬುತ್ತಿ ಕಟ್ಟಬೇಕು. ಮೊದಲು ನಾನೇ ಬಡಿಯುತ್ತಿದ್ದೆ. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದ ಮೇಲೆ ರೊಟ್ಟಿ ನನ್ನ ಕೈಯಲ್ಲಿ ದುಂಡಗಾಗುವುದನ್ನು ಬಿಟ್ಟಿತು. ಅಂದಿನಿಂದ ದೇವಕೆಮ್ಮ ಬಡಿಯುತ್ತಾಳೆ, ನಾನು ಒಲೆಯ ಮುಂದೆ ಕೂತು ಉರಿ ಮಾಡುತ್ತೇನೆ. ಊದುಗೊಳವೆ ನನ್ನ ಕೈಯಲ್ಲಿ. ಊದುಗೊಳವೆ ಯಾರ ಕೈಯಲ್ಲಿದೆಯೋ ಅಡುಗೆಮನೆ ಅವರದು. ಗ್ಯಾಸ್ ಇಲ್ಲವೆಂದಲ್ಲ. ಇದೆ. ಅದರ ಮೇಲೆ ಚಹಾ ಆಗುತ್ತದೆ. ಗ್ಯಾಸಿನ ಮೇಲೆ ಸುಟ್ಟ ರೊಟ್ಟಿಯನ್ನು ನನ್ನ ಗಂಡ ಒಮ್ಮೆ ತಿಂದು, "ಇದನ್ನ ನಾಯಿಗಿ ಹಾಕಬ್ಯಾಡ, ಅದು ಮನಿ ಬಿಟ್ಟು ಹೋಗತದ" ಎಂದಿದ್ದ.

ಆ ವರ್ಷ ದೇವಕೆಮ್ಮನಿಗೆ ಆರು ತಿಂಗಳು. ಮೊದಲ ಬಸಿರು. ಒಲೆಯ ಮುಂದೆ ಕೂತರೆ ಸಾಕು, ಕೆಮ್ಮು. ನಾನು ಬಸಿರಿದ್ದಾಗಲೂ ಕೆಮ್ಮಿದ್ದೆ, ನಮ್ಮತ್ತೆಯೂ ಕೆಮ್ಮಿದ್ದಳು, ಕೆಮ್ಮಿ ಕೆಮ್ಮಿಯೇ ಹೋದಳು; ಅದನ್ನು ಯಾರೂ ದೊಡ್ಡ ಸುದ್ದಿ ಮಾಡಿರಲಿಲ್ಲ. ಈಗಿನವರು ಶಹಾಪುರಕ್ಕೆ ಹೋದರು. ಅಲ್ಲಿಯ ಡಾಕ್ಟರಮ್ಮ, ಹೊಗೆ ಕುಡಿದರೆ ತಾಯಿಗೂ ಹೊಟ್ಟೆಯಲ್ಲಿರುವುದಕ್ಕೂ ಒಳ್ಳೆಯದಲ್ಲ ಎಂದಳಂತೆ. ಮಲ್ಲಪ್ಪ ಬಂದವನೇ ಹೊಸ್ತಿಲ ಮೇಲೆ ನಿಂತು ಹೇಳಿದ: "ಯವ್ವಾ, ಇನ್ನೊಮ್ಮಿ ಈ ಮನಿಯಾಗ ಹೊಗಿ ಎದ್ದಿತಂದ್ರ ಇಕಿನ್ನ ವಡಗೇರಾಕ್ಕ ತವರಿಗಿ ಬಿಟ್ಟು ಬರ್ತೀನಿ. ಬಾಣಂತನ ಮುಗಿಯೋತನ ಕರೆಯಂಗಿಲ್ಲ."

ಹೋಗಬಾರದು ಎಂದೆ ನಾನು. ಸೊಸೆಯ ಮೇಲಿನ ಮಮತೆ ಎಂದು ತಿಳಿಯಬೇಡಿ. ಅವಳು ಹೋದರೆ ರೊಟ್ಟಿ ಬಡಿಯುವವರು ಯಾರು? ಮುರಿದ ಕೈಯ ನಾನೋ, ಕುರಿಯ ಬಾಲ ಬಿಟ್ಟು ಬೇರೇನೂ ಹಿಡಿಯದ ನನ್ನ ಗಂಡನೋ?

ಹಾಗೆ ಮಲ್ಲಪ್ಪ ಒಂದು ಕಬ್ಬಿಣದ ಒಲೆ ಮನೆಗೆ ತಂದ. ಕಟ್ಟಿಗೆ, ಸೆಗಣಿಯ ಕುಳ್ಳು, ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಇದ್ದಿಲು, ಏನು ಹಾಕಿದರೂ ಉರಿಯುವ ಒಲೆ. ಎರಡು ಬಾಯಿ, ಮುಂದೆ ಕದ, ಕೆಳಗೆ ಬೂದಿಯ ತಟ್ಟೆ, ಹಿಂದೆ ಹೊಗೆಯ ಕೊಳವೆ. ಏನು ಹಾಕಿದರೂ ಉರಿಯುತ್ತದೆ ಎಂದು ಕೇಳಿದ ನನ್ನ ಗಂಡ ತನ್ನ ಹರಿದ ಚಪ್ಪಲಿ ತಂದು ಮುಂದಿಟ್ಟ. ಕೂರಿಸಲು ಬಂದವನು ರಂಗಂಪೇಟೆಯ ಮೌಲಾಲಿ ಮಿಸ್ತ್ರಿ. "ಕಾಕಾ, ಚಪ್ಪಲಿ, ಪ್ಲಾಸ್ಟಿಕ್ ಹಾಕಿದ್ರ ಇಷದ ಹೊಗಿ ಬರ್ತದ. ಅದನ್ನ ಕಾಲಾಗ ಹಾಕ್ಕೋರಿ, ಒಲ್ಯಾಗ ಬ್ಯಾಡ," ಎಂದ.

ಮಿಸ್ತ್ರಿ ಇಡೀ ದಿನ ಕೆಲಸ ಮಾಡಿದ, ಇಡೀ ದಿನ ಮಾತಾಡಿದ. ಒಲೆಯನ್ನು ಗೋಡೆಯಿಂದ ಎರಡು ಮೊಳ ದೂರ ಕಲ್ಲಿನ ಮೇಲೆ ಕೂರಿಸಿದ. ಸೂರಿನ ತಗಡಿನಲ್ಲಿ ರಂಧ್ರ ಕೊರೆದು ಕೊಳವೆಯನ್ನು ಅದರ ಮೇಲೆ ಆಳೆತ್ತರ ಎಬ್ಬಿಸಿ, ಅದಕ್ಕೊಂದು ಟೊಪ್ಪಿಗೆ ಹಾಕಿದ. ಕಿಡಿ ಹಾರೀತೆಂದು ಗೋಡೆಗೆ ನೇತು ಹಾಕಿದ್ದ ಕೌದಿಯನ್ನು ತಾನೇ ತೆಗೆದು ಹೊರಗೆಸೆದ. ಒಂದು ಬಕೀಟು ಮರಳು ತಂದಿಡಿರಿ ಎಂದ. ಆಮೇಲೆ ನನ್ನನ್ನು ಕೂರಿಸಿಕೊಂಡು, "ದೊಡ್ಡವ್ವ, ಜರಾ ಲಕ್ಷ್ಯ ಕೊಡ್ರಿ" ಎಂದು ಒಲೆಯ ಕೆಳಗಿನ ಸಾಲು ತೂತುಗಳನ್ನು ತೋರಿಸಿದ. "ಇವು ಒಲಿ ಮೂಗು. ಇಲ್ಲಿಂದ ಗಾಳಿ ಎಳಕೋತದ, ಮ್ಯಾಲ ಹೊಗಿ ಬಿಡತದ. ಮೂಗು ಮುಚ್ಚಿದ್ರ ನೀವ್ ಬದುಕ್ತೀರೇನು? ಹಂಗೇ ಇದು. ಹಸಿ ಕಟ್ಟಿಗಿ ಹಾಕಬ್ಯಾಡ್ರಿ, ದಿನಾ ಬೂದಿ ತೆಗೀರಿ, ಒಲಿ ಉರಿಯೋವಾಗ ಕಿಟಕಿ ತೆಗೆದಿರ್ರಿ."

"ಉಣ್ಣೋದು ಹ್ಯಾಂಗಂತನೂ ಹೇಳಿ ಹೋಗಪಾ. ಅದೊಂದು ಉಳದದ," ಎಂದೆ. ಅವನು ನಕ್ಕು ಹೋದ.

ಒಲೆ ಚೆನ್ನಾಗಿಯೇ ಉರಿಯಿತು. ನನಗೆ ಕೋಪ ಬಂದದ್ದೇ ಅದಕ್ಕೆ. ದೇವಕೆಮ್ಮ ನಾಲ್ಕು ತೊಗರಿಕಟ್ಟಿಗೆ ಇಟ್ಟು ಕಡ್ಡಿ ಗೀರಿದರೆ ಮುಗಿಯಿತು. ಉರಿ ತಾನೇ ಏಳುತ್ತದೆ, ಹೊಗೆ ತಾನೇ ಹೋಗುತ್ತದೆ, ರೊಟ್ಟಿ ಉಬ್ಬುತ್ತದೆ. ಊದುವ ಕೆಲಸವೇ ಇಲ್ಲ. ನಾನು ಊದುಗೊಳವೆ ಹಿಡಿದು ಪಕ್ಕದಲ್ಲಿ ಕೂತರೆ, ಮದುವೆ ಮುಗಿದ ಮೇಲೆ ಬಂದ ಬಾಜಾದವನ ಹಾಗೆ. ದೇವಕೆಮ್ಮನ ಕೆಮ್ಮು ಹದಿನೈದು ದಿನದಲ್ಲಿ ಇಳಿಯಿತು. ನನ್ನ ಗಂಡ ಒಂದು ದಿನ ಉಣ್ಣುತ್ತಾ, "ಈ ಒಲಿ ಮಾತಾಡಂಗಿಲ್ಲ, ಕೆಲಸ ಮಾಡತದ" ಎಂದ. ಮಾತು ಯಾರಿಗೆ ಎಂಬುದು ತಟ್ಟೆಗೂ ತಿಳಿಯಿತು.

ಹೀಗಿರುವಾಗ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಂದು ಕೆರೆಯ ಎರೆಮಣ್ಣು ತಂದು ಎತ್ತು ಮಾಡಿ ಪೂಜಿಸುತ್ತೇವೆ. ನನ್ನ ಗಂಡ ಹೊರಗೆ ಸೂರಿನಡಿಯ ಕಟ್ಟೆಯ ಮೇಲೆ ಕೂತು ಎತ್ತು ಮಾಡಿದ. ಅವನ ಎತ್ತುಗಳಿಗೆ ಕುರಿಯ ಮುಖ ಬಂದಿರುತ್ತದೆ, ಇರಲಿ. ಮಿಕ್ಕ ಮಣ್ಣು ಒಂದು ಬುಟ್ಟಿ ಉಳಿಯಿತು. ಹಬ್ಬದ ದಿನ ಒಲೆ ಸಾರಿಸದೆ ಹೊತ್ತಿಸುವ ಮನೆ ನಮ್ಮೂರಲ್ಲಿಲ್ಲ. ನಾನು ಚಿಕ್ಕವಳಿದ್ದಾಗ ಹೆಣ್ಣು ನೋಡಲು ಬಂದವರು ಹೆಣ್ಣಿನ ಮುಖಕ್ಕಿಂತ ಮೊದಲು ಒಲೆ ನೋಡುತ್ತಿದ್ದರು. ಒಲೆಯಲ್ಲಿ ಬಿರುಕಿದ್ದರೆ, ಸಂದಿಯಿದ್ದರೆ, ಆ ಮನೆಯ ಹೆಂಗಸರು ಸೋಮಾರಿಗಳು. ಕೂದಲು ತೂರುವಷ್ಟು ಬಿರುಕನ್ನೂ ನಾನು ಐವತ್ತು ವರ್ಷ ಬಿಟ್ಟವಳಲ್ಲ. ಅಂಥವಳ ಮನೆಯಲ್ಲಿ ಸಾಲು ತೂತಿನ ಒಲೆ! ಬಂದವರು ನೋಡಿದರೆ ಏನೆಂದುಕೊಂಡಾರು?

ಸೆಗಣಿ ಬೆರೆಸಿ, ಎರೆಮಣ್ಣು ಕಲಸಿ, ಕಬ್ಬಿಣದ ಒಲೆಯನ್ನು ಕೆಳಗಿಂದ ಮೇಲಿನವರೆಗೆ ಸಾರಿಸಿದೆ. ಬೂದಿ ತಟ್ಟೆಯ ಸಂದಿ ಮೆತ್ತಿದೆ. ತೂತುಗಳನ್ನೂ ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ಮೆತ್ತಿದೆ. ಮೇಲೆ ಸುಣ್ಣದ ಪಟ್ಟೆ ಎಳೆದೆ. ದೇವಕೆಮ್ಮ ಹೂರಣದ ಬೇಳೆ ತೊಳೆಯುತ್ತಾ ನೋಡಿದಳು.

"ಅತ್ತೀ, ಮಿಸ್ತ್ರಿ ಆ ತೂತು ಮುಚ್ಚಬ್ಯಾಡ್ರಿ ಅಂದಿದ್ದ."

"ಮಿಸ್ತ್ರಿ ಮನ್ಯಾಗ ಅಮಾಸಿ ಮಾಡ್ತಾರೇನು? ನೀ ಬ್ಯಾಳಿ ನೋಡು."

ಒಲೆ ಹೊತ್ತಿಸಿದೆವು. ಉರಿ ಏಳಲಿಲ್ಲ. ಕುಳ್ಳು ಸುಮ್ಮನೆ ಒಳಗೊಳಗೇ ಕೆಂಡವಾಗಿ ಕೂತವು. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ನೋಡಿದಿರಾ, ಕಬ್ಬಿಣದ್ದಾದರೇನು, ಒಲೆಗೆ ಕೊನೆಗೂ ಸಾಬಮ್ಮನೇ ಬೇಕಾಯಿತು! ಕದ ತೆರೆದಿಟ್ಟು, ಊದುಗೊಳವೆ ಹಿಡಿದು ಊದಿದೆ. ಹೊರಗೆ ಮಳೆ ಶುರುವಾಗಿ ಎರಚಲು ಹಿಟ್ಟಿನ ಮೇಲೆ ಬೀಳುತ್ತಿತ್ತು. ಕಿಟಕಿ, ಬಾಗಿಲು ಎರಡನ್ನೂ ಹಾಕಿದೆ. ಮತ್ತೆ ಊದಿದೆ. ಹೊಗೆ ಹೆಚ್ಚೇನೂ ಇರಲಿಲ್ಲ. ಕೆಮ್ಮೂ ಇಲ್ಲ. ಹೊಗೆ ಇಲ್ಲದ ಮೇಲೆ ಭಯ ಯಾತರದ್ದು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ತಲೆ ಭಾರವಾಯಿತು. ವಯಸ್ಸು ಎಂದುಕೊಂಡೆ. ದೇವಕೆಮ್ಮ "ಅತ್ತೀ, ತಲಿ ಸಿಡಿಯಾಕತ್ತದ" ಎಂದಳು. ಕೆಲಸಗಳ್ಳತನ ಎಂದುಕೊಂಡೆ. ಮತ್ತೊಂದು ಗಳಿಗೆಗೆ ಅವಳು ಕಣಕ ನಾದುವ ಅಗಲ ಪರಾತಿನ ಮೇಲೆ ಹಾಗೇ ಒರಗಿದಳು. "ದೇವಕಿ" ಎಂದೆ. ಮಾತಿಲ್ಲ.

ಆಗ ನಾನು ಏನೂ ಅಂದುಕೊಳ್ಳಲಿಲ್ಲ. ಎದ್ದರೆ ಕಾಲು ನನ್ನವಲ್ಲ. ಬಾಗಿಲು ಒದ್ದು, ಅವಳ ಎರಡೂ ರಟ್ಟೆ ಹಿಡಿದು ಅಂಗಳಕ್ಕೆ ಎಳೆದೆ. ಮುರಿದ ಕೈ ಹೇಗೆ ಎಳೆಯಿತೋ ಅದಕ್ಕೇ ಗೊತ್ತು. ಕಟ್ಟೆಯ ಮೇಲಿದ್ದ ಗಂಡ ಎತ್ತು ಬಿಟ್ಟು ಓಡಿ ಬಂದ. ಮಳೆ ಅವಳ ಮುಖದ ಮೇಲೆ ಬಿತ್ತು. ಎಷ್ಟು ಹೊತ್ತೋ ತಿಳಿಯದು; ಕೊನೆಗೆ ಕಣ್ಣು ಬಿಟ್ಟು, "ಹೂರಣ ತಳ ಹತ್ತಿತೇನ್ರಿ?" ಎಂದಳು.

ಆಟೋದಲ್ಲಿ ಶಹಾಪುರಕ್ಕೆ ಹೋದೆವು. ಮೂಗಿಗೆ ಗಾಳಿ ಕೊಟ್ಟರು, ಹೊಟ್ಟೆ ನೋಡಿದರು. ಕೂಸು ಒದೆಯುತ್ತಿತ್ತು. "ಗಾಳಿ ಸಿಗದ ಕೆಂಡದಿಂದ ಕಣ್ಣಿಗೆ ಕಾಣದ, ವಾಸನೆಯೂ ಇಲ್ಲದ ವಿಷ ಬರುತ್ತದೆ. ಹೊಗೆ ಇಲ್ಲವೆಂದು ಕೂತರೆ ಹೋದಂತೆಯೇ," ಎಂದಳು ಡಾಕ್ಟರಮ್ಮ, ನನ್ನ ಉಗುರಿನ ಎರೆಮಣ್ಣು ನೋಡುತ್ತಾ. ನಾನು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

ಸಂಜೆ ನಾವು ಮನೆಗೆ ಬಂದ ಮೇಲೆ, ಕುರಿಯ ಹಿಂದೆ ಹೋಗಿದ್ದ ಮಲ್ಲಪ್ಪ ಸುದ್ದಿ ಕೇಳಿ ಕೂಗಾಡಿದ. "ದರಿದ್ರ ಒಲಿ! ನಾಳಿಗೇ ಕಿತ್ತಿ ಒಗಿತೀನಿ, ಆ ಮಿಸ್ತ್ರಿನ್ನ ಬಿಡಂಗಿಲ್ಲ. ಮುಂಜಾನೆದ್ದು ಇಕಿನ್ನ ವಡಗೇರಾಕ್ಕ ಬಿಟ್ಟು ಬರ್ತೀನಿ." ನಾನು ದೇವಕೆಮ್ಮನ ಮುಖ ನೋಡಿದೆ. ಹೇಳುತ್ತಾಳೆ, ಈಗ ಹೇಳುತ್ತಾಳೆ. ಅವಳು ಹೇಳಲಿಲ್ಲ. "ಹೊಸಾ ಒಲಿ, ನಮಗಿನ್ನಾ ರೂಢಿ ಆಗಿಲ್ಲ" ಎಂದು ಮಗ್ಗುಲಾದಳು. ಬೈದಿದ್ದರೆ ಎರಡು ಮಾತು ತಿರುಗಿ ಬೈದು ಹಗುರಾಗುತ್ತಿದ್ದೆ. ಸುಮ್ಮನಿದ್ದು ನನ್ನನ್ನು ಕೊಂದಳು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಒಲೆಯ ಮುಂದೆ ಕೂತೆ. ದಬ್ಬಣ ತೆಗೆದುಕೊಂಡು ತೂತುಗಳನ್ನು ಒಂದೊಂದಾಗಿ ಬಿಡಿಸಿದೆ. ಪ್ರತಿಯೊಂದು ಮೆತ್ತಿಗೆಯ ಮೇಲೂ ನನ್ನ ಹೆಬ್ಬೆರಳಿನ ಗುರುತು ಇತ್ತು. ಬ್ಯಾಂಕಿನಲ್ಲಿಯೂ ಅಷ್ಟು ಚೆನ್ನಾಗಿ ಮೂಡಿರಲಿಲ್ಲ. ಮಲ್ಲಪ್ಪ ಸೊಸೆಯ ಚೀಲ ಹಿಡಿದು ಬಂದಾಗ ಒಣಗಿದ ಮಣ್ಣಿನ ಆ ಬಿರಡೆಗಳನ್ನು ಅವನ ಅಂಗೈಗೆ ಹಾಕಿದೆ.

"ಒಲಿದು ತಪ್ಪಿಲ್ಲ. ಮಿಸ್ತ್ರಿದೂ ಇಲ್ಲ. ನಾ ಮುಚ್ಚಿದ್ದೆ. ಆಕಿ ಬ್ಯಾಡಂದ್ಲು, ನಾ ಕೇಳಲಿಲ್ಲ."

ನನ್ನ ಗಂಡ ಹಲ್ಲುಜ್ಜುವುದನ್ನು ನಿಲ್ಲಿಸಿ, "ಏನಂದಿ? ಇನ್ನೊಮ್ಮಿ ಅನ್ನು" ಎಂದ. ಮದುವೆಯಾದ ನಲವತ್ತೊಂಬತ್ತು ವರ್ಷದಲ್ಲಿ ನನ್ನ ಬಾಯಲ್ಲಿ ಅಂಥ ಮಾತು ಕೇಳಿರಲಿಲ್ಲವಂತೆ. ದೇವಕೆಮ್ಮ ಗಂಡನ ಕೈಯಿಂದ ಚೀಲ ಕಸಿದು ಗೂಟಕ್ಕೆ ಹಾಕಿದಳು. "ನಾ ಎಲ್ಲಿಗೂ ಹೋಗಂಗಿಲ್ಲ. ಹೋದ್ರ ಅತ್ತಿ ಗ್ವಾಡಿ ಸಾರಸ್ತೀನಂತ ಕಿಟಕಿನೂ ಮೆತ್ತತಾರ" ಎಂದು ಕಿಟಕಿ ಪೂರ್ತಿ ತೆರೆದಳು.

ಅವಳು ಕಡ್ಡಿ ಗೀರುವ ಮೊದಲು ನಾನು ಸುಣ್ಣದ ಬಟ್ಟಲು ತಂದು ಒಂದೊಂದು ತೂತಿನ ಸುತ್ತಲೂ ಬಿಳಿ ಬಳೆ ಬರೆದೆ, ಮುಂದಿನ ಅಮಾವಾಸ್ಯೆಗೆ ನನ್ನ ಹೆಬ್ಬೆರಳು ನೋಡಲಿ ಎಂದು. ಅಷ್ಟರಲ್ಲಿ ಪಕ್ಕದ ಮನೆಯ ಭೀಮವ್ವ ಕೆಂಡ ಕೇಳಲು ಬಂದು, "ಇದೇನಬೇ ಸಾಬವ್ವ, ಒಲಿಗಿ ಸುಣ್ಣದ ಬಳಿ?" ಎಂದಳು. "ಕಬ್ಬಿಣದ ಒಲಿಗಿ ಇದು ಹಿರಿಯಾರ ಕಾಲದ ಪದ್ಧತಿ. ನಿನಗ ಗೊತ್ತಿಲ್ಲೇನು?" ಎಂದು ಹೇಳಿ, ಕೆಂಡದ ಬದಲು ಊದುಗೊಳವೆಯನ್ನೇ ಅವಳಿಗೆ ಕೊಟ್ಟು ಕಳಿಸಿದೆ.